ಅಜ್ಜಿ ಸೀರೆಯ ಮೇಲೆ ಸೇವಂತಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆಮ್ಮಾಡಿಯ ಜಲಜಕ್ಕನ ಜಗಲಿಯಲ್ಲಿ ಹೊಲಿಗೆ ಮಿಷನ್ ಆಗಲೇ ಎದ್ದಿದೆ. ಬಂದರಿನಿಂದ ಬಂದ ಗಂಡ ಬಚ್ಚ ಅಂಗಳದಿಂದಲೇ ಕೂಗುತ್ತಾರೆ: "ಹ್ವಾಯ್, ಚಾ ಇತ್ತಾ?"

"ಅಲ್ಲೇ ನಿಲ್ಲಿ! ಮಿಂದ್ಕಂಡೇ ಒಳ್ಗ್ ಬನ್ನಿ. ಈ ಸೀರಿಗೆ ಬಂಗ್ಡಿ ಮೀನಿನ್ ವಾಸ್ನಿ ಬಪ್ಪುದ್ ಬ್ಯಾಡ."

ಬಚ್ಚ ನಗುತ್ತಾ ಬಾವಿಕಟ್ಟೆಗೆ ನಡೆಯುತ್ತಾರೆ. ಈ ಮನೆಯಲ್ಲಿ ಮಿಷನ್ನಿನದ್ದೇ ದರ್ಬಾರು.

ಮಿಷನ್ ಮೇಲಿರುವುದು ಯಡ್ತರೆಯ ಅಮಿತಾಳ ತೀರಿಹೋದ ಅಜ್ಜಿಯ ಶಿಫಾನ್ ಸೀರೆ. ಇವತ್ತು ಸಂಜೆ ಅಮಿತಾಳ ಮದುವೆಯ ಮದರಂಗಿ. ಇದನ್ನೇ ಉಡುತ್ತೇನೆಂದು ಹಟ. ಉಟ್ಟು ನೋಡುವಾಗ ಪಿನ್ನು ಸಿಕ್ಕಿ ಸೆರಗು ಹರಿಯಿತು. ಪೇಟೆಯ ಟೈಲರುಗಳು ಕೈಮುಗಿದು ವಾಪಸ್ ಕೊಟ್ಟರು. "ಒಗಿಯುದ್ ಮಾತ್ರ ಬ್ಯಾಡ ಜಲಜಕ್ಕ, ಅಜ್ಜಿ ವಾಸ್ನಿ ಹೋತ್ತ್" ಎಂದು ಹುಡುಗಿ ಬೇಡಿಕೊಂಡಿದ್ದಾಳೆ.

ಶಿಫಾನ್ ಬಲು ಕಿರಿಕಿರಿಯ ಬಟ್ಟೆ. ಜಾರುತ್ತದೆ, ಮುದುಡುತ್ತದೆ, ಸೂಜಿ ತಪ್ಪಿದರೆ ತೂತು ಹಾಗೇ ಉಳಿಯುತ್ತದೆ. ಜಲಜಕ್ಕ ಕೆಳಗೆ ತೆಳು ಕಾಗದವಿಟ್ಟು, ಬಟ್ಟೆಯನ್ನು ಕಸೂತಿಯ ರಿಂಗಿಗೆ ಹದವಾಗಿ ಸಿಕ್ಕಿಸಿ, ಎರಡೂ ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾರೆ. ಹೊಲಿದ ಮೇಲೆ ಕಾಗದ ಕಿತ್ತರಾಯಿತು, ಸುಕ್ಕಿಲ್ಲ. ಹರಿದಲ್ಲಿ ಒಂದೇ ಹೂವಿಟ್ಟರೆ ಕಣ್ಣು ಅಲ್ಲಿಗೇ ಹೋಗುತ್ತದೆಂದು ಸೆರಗಿನುದ್ದಕ್ಕೂ ದಾರದ ಸೇವಂತಿಗೆ ಚೆಲ್ಲಿದ್ದಾರೆ.

"ಮೊದ್ಲ್ ನ್ಯೂಸ್ ಪೇಪರ್ ಇಡ್ತಿದ್ದೆ. ಮಳ್ಗಾಲದಗೆ ಒಂದ್ ಬಿಳಿ ಬ್ಲೌಸಿಗೆ ಸುದ್ದಿ ಪೂರಾ ಅಚ್ಚಾಯ್ತ್, ಮಾರಾಯ್ರೆ!" ಜಲಜಕ್ಕ ಈಗ ಹೊಟ್ಟೆ ಹಿಡಿದು ನಗುತ್ತಾರೆ. ಅವತ್ತು ಅತ್ತಿದ್ದರಂತೆ.

ಜಲಜಕ್ಕನ ತಾಯಿ ತಲ್ಲೂರಿನಲ್ಲಿ ಮೀನಿನ ಬುಟ್ಟಿ ಹೊತ್ತು ಮನೆಮನೆ ಸುತ್ತಿದವರು. ಮಗಳಿಗೆ ಕಸೂತಿ ಕಲಿಸಿದ್ದು ಮುಂಬಯಿಯಿಂದ ಮರಳಿದ ಟೈಲರ್ ರಾಮ. ಇಲ್ಲಿಯ ಉಪ್ಪುಗಾಳಿಗೆ ಸೂಜಿ ಬೇಗ ತುಕ್ಕು ಹಿಡಿದು ಬಟ್ಟೆಗೆ ಕಲೆಯಾಗುತ್ತದೆ. ಅದಕ್ಕೇ ದಿನವೂ ಹೊಸ ಸೂಜಿ, ಮೊದಲ ಹೊಲಿಗೆ ತನ್ನದೇ ಹಳೆ ಸೀರೆಯ ತುಂಡಿನ ಮೇಲೆ. ದಿನಕ್ಕೆ ಎರಡು ಸೆರಗು ಮುಗಿಯುತ್ತವೆ. ಸೊಂಟ ಒಪ್ಪಿದರೆ ಮೂರು.

ಕೊನೆಯ ಹೂವಿನ ಕಾಗದ ಕಿತ್ತ ಹೊತ್ತಿಗೇ ರಿಕ್ಷಾ ನಿಲ್ಲುತ್ತದೆ. ಅಮಿತಾಳ ತಾಯಿ ಕುಸುಮಾವತಿ ಇಳಿಯುತ್ತಾರೆ, ಕಣ್ಣಲ್ಲಿ ನಿದ್ದೆಯಿಲ್ಲ. ಸೆರಗನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರೆ.

"ಜಲಜಕ್ಕ, ಹರ್ದದ್ ಎಲ್ಲಿ?"

"ಎಂತಕೆ ಹುಡ್ಕುದ್? ನಂಗೇ ಈಗ ಸಿಕ್ತಿಲ್ಲೆ. ಸಂಜಿಗೂ ಯಾರಿಗೂ ಸಿಕ್ದೇ ಇದ್ರೆ ನಂಗೆ ಅಷ್ಟೇ ಸಾಕ್."

ಕುಸುಮಾವತಿ ತನ್ನ ತಾಯಿಯ ಆ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತೇಬಿಡುತ್ತಾರೆ. "ನನ್ನ್ ಅಬ್ಬಿ ವಾಸ್ನಿ ಹಾಂಗೇ ಇತ್ತ್, ಕಾಣಿ."

ಜಲಜಕ್ಕ ಕಣ್ಣೊರೆಸಿಕೊಂಡು, ಬಾವಿಕಟ್ಟೆಯಲ್ಲಿ ತಲೆ ಒರೆಸುತ್ತಿದ್ದ ಗಂಡನ ಕಡೆ ತಿರುಗುತ್ತಾರೆ. "ಕೇಳ್ತಾ? ಅದ್ಕೇ ಹೇಳದ್, ಮಿಂದ್ಕಂಡ್ ಬನ್ನಿ ಅಂದೇಳಿ!"