ಆರ್ಡಿಸ್ ಬಾಯಿ ಬಿಟ್ಟ ಬೇಸಿಗೆ

ನಮ್ಮೂರಿನ ಹೆಂಗಸರೆಲ್ಲ ಕೂದಲು ಕತ್ತರಿಸಿ ಸುರುಳಿ ಹಾಕಿಸಿಕೊಳ್ಳುತ್ತಿದ್ದದ್ದು ಆರ್ಡಿಸ್ ಲುಂಡೀನಳ ಅಂಗಡಿಯಲ್ಲಿ. ಅಮೆರಿಕದ ಮಿನೆಸೋಟ ರಾಜ್ಯದ ಈ ಮೂಲೆಯಲ್ಲಿ ಗುಟ್ಟು ಉಳಿಯುವುದು ಕಷ್ಟ. ಆದರೆ ಆರ್ಡಿಸಳ ಕಿವಿಗೆ ಬಿದ್ದದ್ದು ಬಾವಿಗೆ ಬಿದ್ದ ಹಾಗೆ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಆಕೆಗೆ ಉಳಿದಿದ್ದ ಹೆಮ್ಮೆ ಅದೊಂದೇ.

ಅಧ್ಯಕ್ಷ ಚುನಾವಣೆಯ ವರ್ಷ. ನಮ್ಮೂರಲ್ಲೇ ಹುಟ್ಟಿ ಬೆಳೆದ ಗವರ್ನರ್ ಡೇಲ್ ಟೊರ್ಕೆಲ್ಸನ್ನನ ಹೆಸರು ಉಪಾಧ್ಯಕ್ಷ ಸ್ಥಾನಕ್ಕೆ ಕೇಳಿಬರತೊಡಗಿತ್ತು. ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಯಾರನ್ನು ತನ್ನ ಜೊತೆ ಉಪಾಧ್ಯಕ್ಷನಾಗಿ ಆರಿಸಿಕೊಳ್ಳುತ್ತಾನೆ ಎಂಬುದೇ ಕಾಫಿ ಅಂಗಡಿಯಲ್ಲೂ ಚರ್ಚಿನ ಮೆಟ್ಟಿಲ ಮೇಲೂ ಮಾತು. ಆರ್ಡಿಸಳ ಅಂಗಡಿಯಲ್ಲಂತೂ ಕೇಳುವುದೇ ಬೇಡ.

"ದಕ್ಷಿಣದ ರಾಜ್ಯದೋರನ್ನ ಯಾರನ್ನಾದ್ರೂ ಹಾಕ್ಕೊಳ್ತಾರೆ ಬಿಡು. ಹಾಲು ಕರೆಯೋರ ಮನೆ ಹುಡುಗನ್ನ ಯಾರು ಕೇಳ್ತಾರೆ?" ಎಂದು ಒಬ್ಬಳು ಮೂಗು ಮುರಿದರೆ, "ಹಾಲು ಕರೆದೋನಿಗೆ ವೋಟು ಕರೆಯೋದೇನು ಕಷ್ಟ ಕಣೆ!" ಎಂದು ಇನ್ನೊಬ್ಬಳು ನಗಿಸುತ್ತಿದ್ದಳು.

ಟೀವಿಯವರು ಬಂದಿಳಿದರು. ಪಾದ್ರಿ ಮಾತಾಡಿದರು, ಶಾಲೆಯ ಫುಟ್ಬಾಲ್ ಮೇಷ್ಟ್ರು ಮಾತಾಡಿದರು. ಡೇಲ್‌ನನ್ನು ಒಂದು ಸಲ ಕೂಡ ಎದುರಿಗೆ ನೋಡದ ಪೆಟ್ರೋಲ್ ಬಂಕಿನವನೂ ಮಾತಾಡಿದ. ಗವರ್ನರ್ ತಾಯಿ ಐನೆಜ್ ಪ್ರತಿ ಶುಕ್ರವಾರ ತಲೆ ಕೊಡುತ್ತಿದ್ದದ್ದು ಆರ್ಡಿಸಳ ಕೈಗೆ. ಆದರೂ ಆರ್ಡಿಸಳನ್ನು ಮಾತ್ರ ಯಾರೂ ಕೇಳಲಿಲ್ಲ. ಅದು ಒಳಗೊಳಗೇ ಚುಚ್ಚುತ್ತಿತ್ತು.

ಆಗ ಪತ್ರಿಕೆಯ ಹುಡುಗಿಯೊಬ್ಬಳು ತಲೆ ತೊಳೆಸಿಕೊಳ್ಳಲು ಬಂದಳು. ತಾನು ಯಾರೆಂದು ಮೊದಲೇ ಹೇಳಿದಳು, ಮೋಸವೇನೂ ಮಾಡಲಿಲ್ಲ.

"ನಿಮಗೇನನ್ಸತ್ತೆ, ಡೇಲ್‌ನ ಆರಿಸ್ತಾರಾ?"

"ಆರಿಸ್ದೇ ಇರ್ತಾರಾ? ಅವನು ಎಂಥವನು ಅಂತ ನಿಮಗೇನು ಗೊತ್ತು!" ಎಂದು ಆರ್ಡಿಸ್ ಶುರುಮಾಡಿದಳು. "ಆಗ ಅವನಿನ್ನೂ ಚಿಕ್ಕೋನು. ಐನೆಜ್ ಬದುಕೇ ಬೇಡ ಅಂತ ಹೊರಟಿದ್ಲು. ಮನೋರೋಗದ ಆಸ್ಪತ್ರೇಲಿ ಇಟ್ಟಿದ್ರು. ಆ ಚಳಿಗಾಲ ಪೂರ್ತಿ ತಂಗೀರಿಗೆ ಅಡುಗೆ ಮಾಡಿ ಹಾಕಿ, ಜಡೆ ಹೆಣೆದು ಶಾಲೆಗೆ ಕಳಿಸಿದೋನು ಅವನು. ಅಂಥವನು ದೇಶ ನೋಡ್ಕೊಳ್ಳಲ್ವಾ?"

ಹೊಗಳಿಕೆಯೆಂದೇ ಹೇಳಿದ್ದಳು. ಹುಡುಗಿ ಹೋದ ಮೇಲೂ ಅರ್ಧ ಗಂಟೆ ಅವಳ ಮುಖ ಅರಳಿಯೇ ಇತ್ತು.

ಭಾನುವಾರ ಅದು ಅಚ್ಚಾಯಿತು, ಅವಳ ಹೆಸರಿನ ಸಮೇತ. ಮರುದಿನದಿಂದ ದೇಶದ ಟೀವಿಗಳೆಲ್ಲ ಐನೆಜಳ ಆಸ್ಪತ್ರೆಯ ಮಾತನ್ನೇ ಆಡಿದವು. ಆ ವಾರವೇ ಅಭ್ಯರ್ಥಿ ಬೇರೆ ಯಾರನ್ನೋ ಆರಿಸಿಕೊಂಡ. ಕಾರಣ ಇದೇ ಹೌದೋ ಅಲ್ಲವೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಊರಿಗೆ ಮಾತ್ರ ಅನುಮಾನವಿರಲಿಲ್ಲ. "ಏನಮ್ಮಾ ಆರ್ಡಿಸ್, ಬಾವಿ ಉಕ್ಕಿಬಿಡ್ತಂತೆ?" ಎಂದು ಪೆಟ್ರೋಲ್ ಬಂಕಿನವನು ಎಲ್ಲರೆದುರೇ ಕೇಳಿದ. ಅವಳು ತಲೆ ತಗ್ಗಿಸಿಕೊಂಡು ಹೊರಟುಹೋದಳು.

ಶುಕ್ರವಾರ ಐನೆಜ್ ಬರಲಿಲ್ಲ. ಆರ್ಡಿಸಳೇ ಅವಳ ಮನೆಗೆ ಹೋದಳು. ಐನೆಜ್ ಸೊಳ್ಳೆಜಾಲರಿಯ ಬಾಗಿಲನ್ನು ತೆರೆಯದೆ ಒಳಗಿನಿಂದಲೇ ಮಾತಾಡಿದಳು.

"ಒಳ್ಳೇದಕ್ಕೇ ಹೇಳಿದ್ದು, ಐನೆಜ್..."

"ಒಳ್ಳೇದಕ್ಕಾ, ಇಲ್ಲ ನಿನ್ನನ್ನೂ ನಾಲ್ಕು ಜನ ಕೇಳ್ಲಿ ಅಂತಾನಾ?"

ಆರ್ಡಿಸ್ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಡೇಲ್‌ಗೆ ಸಿಗಲಿಲ್ಲ ಅಂತ ನನಗೇನೂ ಬೇಜಾರಿಲ್ಲ. ನನ್ನ ಮೊಮ್ಮಕ್ಕಳಿಗೆ ಅದು ಗೊತ್ತಿರ್ಲಿಲ್ಲ ಕಣೆ. ಈಗ ಫೋನಲ್ಲಿ ನನ್ನ ಹತ್ರ ಮೆತ್ತಮೆತ್ತಗೆ ಮಾತಾಡ್ತಾರೆ."

ಅಂದಿನಿಂದ ಐನೆಜ್ ಪಕ್ಕದೂರಿನ ಅಂಗಡಿಗೆ ಹೋಗತೊಡಗಿದಳು. ಆರ್ಡಿಸ್ ಚರ್ಚಿನಲ್ಲಿ ಕೊನೆಯ ಸಾಲಿಗೆ ಸರಿದು, ಪ್ರಾರ್ಥನೆ ಮುಗಿಯುವ ಮುಂಚೆಯೇ ಎದ್ದುಬಿಡುತ್ತಿದ್ದಳು. ಗಿರಾಕಿಗಳು ಹೆಚ್ಚೇನೂ ಕಡಿಮೆಯಾಗಲಿಲ್ಲ. ಆದರೆ ಅವಳು ಹತ್ತಿರ ಬಂದರೆ ಹೆಂಗಸರು ಮಾತನ್ನು ಹವಾಮಾನಕ್ಕೆ ತಿರುಗಿಸುತ್ತಿದ್ದರು. ಅವಳೂ ಅದು ಗೊತ್ತಾಗದವಳ ಹಾಗೆ ಮಳೆ, ಹಿಮ ಎನ್ನುತ್ತಿದ್ದಳು.

ಐನೆಜ್ ಮೂರು ವರ್ಷದ ಮೇಲೆ ತೀರಿಕೊಂಡಳು. ಆರ್ಡಿಸಳ ಅಂಗಡಿಗೆ ಡೇಲ್ ತಾನೇ ಬಂದ. ಶವಪೆಟ್ಟಿಗೆಯಲ್ಲಿ ಮಲಗಿಸುವ ಮುಂಚೆ ಅಮ್ಮನ ಕೂದಲು ಸರಿಮಾಡಬೇಕಿತ್ತು.

"ಬೇರೆ ಯಾರನ್ನಾದ್ರೂ ಕರೀರಿ. ನನ್ನ ಮೋರೆಗೆ ಆ ಯೋಗ್ಯತೆ ಇಲ್ಲ," ಎಂದಳು ಆರ್ಡಿಸ್.

"ಆ ಪಕ್ಕದೂರಿನೋಳು ನನ್ನ ತಲೇನ ಎಲೆಕೋಸು ಮಾಡಿಬಿಡ್ತಾಳೆ ಅಂತಿದ್ಲು ಅಮ್ಮ," ಎಂದ ಡೇಲ್. ಕ್ಷಮಿಸಿದೆ ಎಂದು ಅವನೂ ಹೇಳಲಿಲ್ಲ, ಅಮ್ಮ ಕ್ಷಮಿಸಿದ್ದಳು ಎಂದೂ ಹೇಳಲಿಲ್ಲ.

ಆರ್ಡಿಸ್ ಹೋದಳು. ಬೆಚ್ಚನೆಯ ನೀರು ತರಿಸಿ, ಆ ತೆಳ್ಳಗಿನ ಬಿಳಿ ಕೂದಲನ್ನು ನಿಧಾನವಾಗಿ ತೊಳೆದು ಒರೆಸಿದಳು. ಡೇಲ್ ಬಾಗಿಲ ಬಳಿ ನಿಂತಿದ್ದ. ಅವಳು ಅವನ ಕಡೆ ಒಮ್ಮೆಯೂ ಮುಖವೆತ್ತಲಿಲ್ಲ.