ನಕ್ಷೆಯಲ್ಲಿಲ್ಲದ ಕಕ್ಕಸು

ವಿಜೇತಾಳಿಗೆ ಗೋಡೆ ನೋಡುವುದೇ ಕೆಲಸ. ಮಂಗಳೂರಿನಲ್ಲಿ ಯಾವ ಗೋದಾಮಿಗೆ, ಯಾವ ಸರಕಾರಿ ಕಚೇರಿಗೆ ಕಳ್ಳರ ಭಯ ಹತ್ತಿದರೂ ಗೇವಿನ್ ಅವರ ಸೆಕ್ಯುರಿಟಿ ಕಂಪೆನಿಗೆ ಫೋನು ಬರುತ್ತದೆ. ಗೇವಿನ್ ಇವಳನ್ನು ಕಳುಹಿಸುತ್ತಾರೆ. ಕಟ್ಟಡದ ಸುತ್ತಲಿನ ಪಾಗಾರ ಎಲ್ಲಿ ಕುಸಿದಿದೆ, ಯಾವ ಮೂಲೆಗೆ ಬೆಳಕು ಬೀಳುವುದಿಲ್ಲ, ಯಾವ ತೆಂಗಿನಮರ ಹತ್ತಿದರೆ ಒಳಗೆ ಧುಮುಕಬಹುದು, ಕ್ಯಾಮೆರಾ ಎಲ್ಲಿ ಕೂರಬೇಕು ಎಂಬುದನ್ನೆಲ್ಲ ನೋಡಿ ಕಾವಲಿನ ನಕ್ಷೆ ಮಾಡಿಕೊಡುವವಳು ಇವಳು. ಶಾಪಿಂಗ್ ಮಾಲಿನ ಬಾಗಿಲಲ್ಲಿ ಹೆಂಗಸರ ಬ್ಯಾಗಿನೊಳಗೆ ಕೋಲು ತೂರಿಸಿ ನೋಡುವ ಕೆಲಸದಿಂದ ಶುರುಮಾಡಿ ಇಲ್ಲಿಯವರೆಗೆ ಬಂದಿದ್ದಳು. ಯಾರೂ ಕೈಹಿಡಿದು ಎತ್ತಿದ್ದಲ್ಲ.

ಅಪ್ಪ ಪೂವಪ್ಪ ಮೀನುಗಾರ. ಕಡಲಿಗೆ ಹೋಗುವುದು ಬಿಟ್ಟ ಮೇಲೆ ಬಲೆ ರಿಪೇರಿಗೆ ಕೂತವರು. ಮರಳಿನ ಮೇಲೆ ಬಲೆ ಹರಡಿ, ಒಂದೊಂದೇ ಕಣ್ಣಿನ ಮೇಲೆ ಕೈಯಾಡಿಸುತ್ತ ಹೋಗಿ, ಹರಿದದ್ದು ಸಿಕ್ಕಿದಲ್ಲಿ ಮಾತಿಲ್ಲದೆ ಹೊಲಿಯುವುದು ಅವರ ಕ್ರಮ. ಯಾವ ಮೀನು ಹರಿಯಿತು, ಯಾವ ಬಂಡೆ ಹರಿಯಿತು ಎಂದು ಬಲೆಯನ್ನು ಯಾರು ಕೇಳುತ್ತಾರೆ? ಮಗಳು ಪಾಗಾರ ನೋಡುವುದೂ ಹಾಗೆಯೇ. ಹೊರಗಿನಿಂದ ಒಂದು ಸುತ್ತು, ಒಳಗಿನಿಂದ ಒಂದು ಸುತ್ತು, ತೂತು ಕಂಡಲ್ಲಿ ಗುರುತು. ಅಷ್ಟೇ. ಇದೇ ಬುದ್ಧಿ ಅವಳನ್ನು ನಗರದ ಪಂಪ್‌ವೆಲ್ಲಿನಲ್ಲಿ ಕೆಡವಿತು.

ಪಂಪ್‌ವೆಲ್ ಹತ್ತಿರದ ಒಂದು ದೊಡ್ಡ ಅಂಗಡಿ ಸಂಕೀರ್ಣದಲ್ಲಿ ಎ.ಸಿ. ಯಂತ್ರಗಳ ತಾಮ್ರದ ಪೈಪು ಕಳವಾಗಿತ್ತು. ಮಾಲೀಕರ ಸಂಘದ ಅಧ್ಯಕ್ಷ ಕಮಲೇಶ್. ಅವನೂ ಮೀನುಗಾರರ ಮನೆಯವನೇ. ಈಗ ಐಸ್ ಪ್ಲಾಂಟು, ಮೀನಿನ ಲಾರಿ, ಕಟ್ಟಡದಲ್ಲಿ ಅರ್ಧ ಪಾಲು. "ಸುತ್ತ ಒಂದು ಪೆರ್ಗುಡೆ ಸಹ ನುಗ್ಗಬಾರದು, ಹಾಗೆ ಮಾಡಿಕೊಡಿ" ಎಂದ. ಪೆರ್ಗುಡೆಯೆಂದರೆ ಹೆಗ್ಗಣ. ವಿಜೇತಾ ಹೋದಳು, ಸುತ್ತು ಹಾಕಿದಳು.

ಕಟ್ಟಡದ ಹಿಂಬದಿಯಲ್ಲಿ ಪಾಗಾರ ಒಂದು ಕಡೆ ಸೊಂಟದೆತ್ತರಕ್ಕೆ ತಗ್ಗಿತ್ತು. ಆಚೆ ಒಂದು ಹಂಚಿನ ಮನೆಯ ಹಿತ್ತಿಲು. ಗೋಡೆಯ ಎರಡೂ ಬದಿಗೆ ಒಂದೊಂದು ಕೆಂಪುಕಲ್ಲು, ಮೆಟ್ಟಿಲಿನ ಹಾಗೆ ಅಲ್ಲಾಡದಂತೆ ಹೂತಿಟ್ಟದ್ದು. ಗೋಡೆಯ ತಲೆಯ ಮೇಲಿನ ಪಾಚಿ ಕಾಲು ತಾಗಿ ತಾಗಿ ಕಿತ್ತುಹೋಗಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಆ ಮನೆಯ ಬಾಗಿಲು ತಟ್ಟಿ ಕೇಳಬಹುದಿತ್ತು. ಮುಂದಿನ ಗೇಟಿನಲ್ಲಿ ನಿಂತವರನ್ನು ಕೇಳಬಹುದಿತ್ತು. ಕೇಳಲಿಲ್ಲ. 'ಕಳ್ಳರು ಮೆಟ್ಟಿಲು ಮಾಡಿಕೊಂಡಿದ್ದಾರೆ' ಎಂದು ನಕ್ಷೆಯಲ್ಲಿ ಕೆಂಪು ಗುರುತು ಹಾಕಿದಳು. ಕಲ್ಲು ಕಿತ್ತರು, ಗೋಡೆ ಎತ್ತರಿಸಿದರು, ಮೇಲೆ ಮುಳ್ಳುತಂತಿಯ ಸುರುಳಿ ಬಿಟ್ಟರು. ಜನರೇಟರ್ ಶೆಡ್ಡಿನ ಸಂದಿ ಕತ್ತಲೆಯೆಂದು ಅಲ್ಲಿಗೂ ಒಂದು ಕ್ಯಾಮೆರಾ ಬಂತು. ಮುಂದಿನ ಗೇಟಿಗೆ ವಾಹನ ತಡೆಯಲು ಕರೆಂಟಿನಲ್ಲಿ ಏರಿಳಿಯುವ ತಡೆಗೋಲು. ಕಮಲೇಶ್ ಕೈಕುಲುಕಿದ. ಗೇವಿನ್ ಬೆನ್ನು ತಟ್ಟಿದರು.

ಬೇಸಿಗೆ ಏರಿ ಬೆವರು ಧಾರೆಯಾಗಿ ಇಳಿಯುತ್ತಿದ್ದ ಒಂದು ಶನಿವಾರ ಗೇವಿನ್ ಫೋನು ಮಾಡಿದರು.

"ವಿಜೇತಾ, ಪಂಪ್‌ವೆಲ್ ಸೈಟಿನ ಮುಂದಿನ ಗೇಟಿನ ಹೆಂಗಸನ್ನು ತೆಗೀಬೇಕು. ನೀನೇ ಹೋಗಿ ಹೇಳು. ಟೊಪ್ಪಿ, ಬೆಲ್ಟು ವಾಪಸು ತಗೊಂಡು ಬಾ."

"ಮುದ್ದಕ್ಕನನ್ನಾ? ಎಂತ ಮಾಡಿದ್ರು ಅವರು?"

"ನಿನ್ನ ಫೋನಿಗೆ ವಿಡಿಯೋ ಹಾಕಿದ್ದೇನೆ, ನೋಡು. ನಂಗೆ ಬಾಯಲ್ಲಿ ಹೇಳ್ಲಿಕ್ಕೆ ನಾಚಿಕೆ ಆಗ್ತದೆ ಮಾರಾಯ್ತಿ."

ನೋಡಿದಳು. ಜನರೇಟರ್ ಶೆಡ್ಡಿನ ಸಂದಿ. ಖಾಕಿ ಅಂಗಿಯ, ನರೆಗೂದಲಿನ ಹೆಂಗಸೊಬ್ಬಳು ಆಚೆ ಈಚೆ ನೋಡಿ ಕುಕ್ಕರುಗಾಲಲ್ಲಿ ಕೂರುತ್ತಾಳೆ. ಅದನ್ನು ಅಂಗಡಿಯವರ ವಾಟ್ಸ್ಆ್ಯಪ್ ಗುಂಪಿಗೆ ಯಾರೋ ಹಾಕಿದ್ದರು. ಕೆಳಗೆ ಸಾಲು ಸಾಲು ನಗುವ ಮುಖಗಳು. 'ನಮ್ಮ ಹೈಟೆಕ್ ಸೆಕ್ಯುರಿಟಿ' ಎಂದು ಒಬ್ಬ. 'ಇವಳಿಗೆ ಸಂಬಳ ಬೇರೆ ಕೊಡ್ಬೇಕಾ' ಎಂದು ಕಮಲೇಶ್.

ಆ ಕ್ಯಾಮೆರಾಕ್ಕೆ ಜಾಗ ತೋರಿಸಿದ್ದು ವಿಜೇತಾ. ಫೋನು ಜೇಬಿಗೆ ಹಾಕಿ ಸೈಟಿಗೆ ಹೊರಟಳು.

ಮುದ್ದಕ್ಕ ಗೇಟಿನಲ್ಲಿ ನಿಂತಿದ್ದರು. ಐವತ್ತು ದಾಟಿದ ಜೀವ, ಸಕ್ಕರೆ ಕಾಯಿಲೆ ಬೇರೆ. ಗಂಡ ತೀರಿದ ಮೇಲೆ ಗೇಣಿಯ ಗದ್ದೆಯೂ ಹೋಗಿ, ಈ ಖಾಕಿ ಹಾಕಿದವರು. ವಿಜೇತಾಳ ಮುಖ ನೋಡಿಯೇ ಅವರಿಗೆ ತಿಳಿಯಿತು.

"ಟೊಪ್ಪಿ ಕೇಳ್ಲಿಕ್ಕೆ ಬಂದದ್ದಾ ಮೇಡಂ?"

"ಮುದ್ದಕ್ಕ, ಮೊದಲು ಹೇಳಿ. ಇಲ್ಲಿ ಕಕ್ಕಸು ಇಲ್ವಾ?"

"ಉಂಟಲ್ಲ, ಮಾಳಿಗೆಗೊಂದು ಉಂಟು. ಎಲ್ಲದಕ್ಕೂ ಬೀಗ. ಕೀ ಅಂಗಡಿಯವರ ಹತ್ರ. ಒಂದು ಸಲ ಕೇಳಿದ್ದಕ್ಕೆ, ಗಾರ್ಡಿನವರು ಹೋದರೆ ಗಿರಾಕಿಗೆ ಅಸಹ್ಯ ಆಗ್ತದೆ ಅಂದ್ರು. ಬೆಳಿಗ್ಗೆಯಿಂದ ನೀರು ಕುಡಿಯದೆ ನಿಲ್ತೇನೆ. ಆದ್ರೆ ಸಕ್ಕರೆಯವಳಿಗೆ ತಡೀತದಾ ಅದು?"

"ಹಾಗಾದ್ರೆ ಇಷ್ಟು ದಿನ?"

ಮುದ್ದಕ್ಕ ನಕ್ಕರು. ನಗುವಲ್ಲಿ ಮುಳ್ಳಿತ್ತು. "ಹಿಂದೆ ನಾಝಿಮಾನ ಹಿತ್ತಿಲು ಉಂಟಲ್ಲ, ಅಲ್ಲಿಗೆ ಹೋಗ್ತಿದ್ದೆವು. ಆಮೇಲೆ ಯಾರೋ ಓದಿದವರು ಬಂದು ಮುಳ್ಳು ಹಾಕಿಸಿದ್ರು."

"ನನಗೊಂದು ಮಾತು ಹೇಳ್ಬಹುದಿತ್ತಲ್ಲ!"

"ಹೇಗೆ ಹೇಳುದು? ಗೇಟಿನ ಪೋಸ್ಟ್ ಬಿಟ್ಟು ಹೋಗ್ತೇನೆ ಅಂತ ನನ್ನ ಬಾಯಲ್ಲೇ ಹೇಳಿಸಿಕೊಂಡು, ಅರ್ಧ ಸಂಬಳ ಕತ್ತರಿಸ್ಲಿಕ್ಕಾ?"

ವಿಜೇತಾ ಓಣಿಯಲ್ಲಿ ಸುತ್ತಿಕೊಂಡು ಹಿಂದಿನ ಮನೆಗೆ ಹೋದಳು. ನಾಝಿಮಾ ಬಾವಿಕಟ್ಟೆಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಹಿತ್ತಿಲ ಮೂಲೆಯಲ್ಲಿ ತಗಡಿನ ಬಾಗಿಲಿನ ಕಕ್ಕಸು, ಪಕ್ಕದಲ್ಲಿ ನೀರು ತುಂಬಿಸಿಟ್ಟ ಬಕೆಟ್ಟು.

"ಓ, ಮುಳ್ಳು ಹಾಕಿಸಿದವಳು ನೀವಾ?" ನಾಝಿಮಾ ಕೈಯ ತೆಂಗಿನ ನಾರನ್ನು ಕಲ್ಲಿನ ಮೇಲೆ ಎಸೆದಳು. "ಆ ಕಲ್ಲು ಇಟ್ಟದ್ದು ನಾನು. ಮುದ್ದಕ್ಕನ ಮೊಣಕಾಲು ನೋವು ನೋಡಿ ಇಟ್ಟದ್ದು. ಕಳ್ಳರಿಗೆ ಮೆಟ್ಟಿಲು ಕಟ್ಟಿಕೊಡ್ಲಿಕ್ಕೆ ನನಗೇನು ಪುರುಸೊತ್ತುಂಟಾ? ಬಾಗಿಲು ತಟ್ಟಿ ಕೇಳಿದ್ರೆ ನಿಮ್ಮ ಕೈ ಸವೀತಿತ್ತಾ?"

ವಿಜೇತಾ ಆ ಬಕೆಟ್ಟಿನತ್ತ ನೋಡಿದಳು. ಅವಳ ಅಮ್ಮ ದಮಯಂತಿ ರಸ್ತೆಬದಿಯಲ್ಲಿ ಬುಟ್ಟಿ ಇಟ್ಟು ಮೀನು ಮಾರಿದವಳು. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಏಳುವಂತಿಲ್ಲ. ನೀರು ಕುಡಿಯುವುದು ಮನೆಗೆ ಬಂದ ಮೇಲೆಯೇ. ಉಚ್ಚೆಯ ಉರಿ ತಾಳದೆ ಅಮ್ಮ ಬಚ್ಚಲಲ್ಲಿ ಗೋಡೆ ಹಿಡಿದು ನರಳುವುದನ್ನು ಕೇಳಿ ಬೆಳೆದವಳು ಇವಳು. ಮಾಲಿನ ಬಾಗಿಲಲ್ಲಿ ತಾನೂ ಬಿಗಿಹಿಡಿದು ನಿಂತವಳು. ಆದರೂ ಅವಳು ಮಾಡಿದ ನಕ್ಷೆಗಳಲ್ಲಿ ಕ್ಯಾಮೆರಾ ಇದೆ, ಮುಳ್ಳುತಂತಿ ಇದೆ, ನಾಯಿಗೂಡಿಗೂ ಜಾಗ ಇದೆ. ಗೇಟು ಕಾಯುವವರು ಉಚ್ಚೆ ಹೊಯ್ಯಲು ಒಂದು ಚೌಕ ಜಾಗ ಯಾವುದರಲ್ಲೂ ಇಲ್ಲ. ನಕ್ಷೆ ಮಾಡಿಸಿದ ಗಿರಾಕಿ ಕೇಳಲಿಲ್ಲ, ಇವಳು ಬರೆಯಲಿಲ್ಲ. ತನ್ನ ಬುದ್ಧಿಗೇ ಥೂ ಎಂದು ಅಲ್ಲೇ ಹಿತ್ತಿಲಲ್ಲಿ ಉಗಿದಳು. ನಾಝಿಮಾ ಒಂದು ಚೊಂಬು ನೀರು ತಂದು ಮುಂದೆ ಹಿಡಿದಳು, ಬೈಗುಳ ಮಾತ್ರ ನಿಲ್ಲಿಸಲಿಲ್ಲ.

ಕಮಲೇಶನ ಆಫೀಸು ಎರಡನೇ ಮಾಳಿಗೆಯಲ್ಲಿ. ಒಳಗೆ ಟೈಲ್ಸ್ ಹಾಕಿದ ಸ್ವಂತ ಟಾಯ್ಲೆಟ್ಟು. ವಿಜೇತಾ ಕೂರಲಿಲ್ಲ.

"ಗಾರ್ಡಿನವರಿಗೆ ಒಂದು ಕಕ್ಕಸು ಬಿಟ್ಟುಕೊಡಿ. ವಿಡಿಯೋ ತೆಗೆಸಿ. ಮುದ್ದಕ್ಕ ಕೆಲಸದಲ್ಲಿ ಇರ್ಬೇಕು."

"ಗಾರ್ಡುಗಳು ನಿಮ್ಮ ಏಜೆನ್ಸಿಯವರು. ಅವರು ಒಂದಕ್ಕೆ ಎರಡಕ್ಕೆ ಹೋಗುದೆಲ್ಲ ಏಜೆನ್ಸಿಯ ತಲೆನೋವು, ನಂದಲ್ಲ."

ಅವನ ಮುಂದೆಯೇ ಗೇವಿನ್‌ಗೆ ಫೋನು ಮಾಡಿದಳು. "ಜಾಗ ಅವರದ್ದು ವಿಜೇತಾ, ನಾವು ಎಲ್ಲಿಂದ ಕೊಡುದು? ಸುಮ್ಮನೆ ಟೊಪ್ಪಿ ತಗೊಂಡು ಬಾ" ಎಂದರು ಅವರು.

ಇವನು ಅವರತ್ತ, ಅವರು ಇವನತ್ತ. ನಡುವೆ ಒಂದು ಹೆಂಗಸಿನ ಮೂತ್ರಕೋಶ.

"ನೋಡು, ನೀನು ನಮ್ಮವಳು ಅಂತ ಸಮಾಧಾನದಲ್ಲಿ ಮಾತಾಡ್ತಿದ್ದೇನೆ" ಎಂದ ಕಮಲೇಶ್.

"ನಮ್ಮವಳಾ? ನಿಮ್ಮ ಅಮ್ಮ, ನನ್ನ ಅಮ್ಮ ಒಂದೇ ರಸ್ತೆಬದಿಯಲ್ಲಿ ಬುಟ್ಟಿ ಇಟ್ಟವರು. ತಡೆಯಲಾಗದ ದಿನ ಅವರು ಪೊದೆ ಮರೆಗೆ ಹೋದದ್ದನ್ನು ಯಾರೂ ವಿಡಿಯೋ ಮಾಡಿ ಹಂಚ್ಲಿಲ್ಲ, ಅಷ್ಟೇ ಅವರ ಪುಣ್ಯ."

"ಅಮ್ಮನ ಸುದ್ದಿಗೆ ಬರ್ಬೇಡ!"

"ಬಂದೆನಲ್ಲ. ಈಗ ಎಂತ ಮಾಡ್ತೀರಿ?"

"ಹೋಗು, ನಿನ್ನ ಸಾಹೇಬರು ಹೇಳಿದ ಕೆಲಸ ಮಾಡು."

ಮಾಡಿದಳು. ಕೆಳಗಿಳಿದು ಬಂದು ಮುದ್ದಕ್ಕನ ಟೊಪ್ಪಿ, ಬೆಲ್ಟು, ತಡೆಗೋಲಿನ ರಿಮೋಟು ತೆಗೆದುಕೊಂಡಳು. ಮುದ್ದಕ್ಕನ ಕಣ್ಣು ತುಂಬಿತು. "ಅಳ್ಬೇಡಿ, ಆ ಸ್ಟೂಲಿನಲ್ಲಿ ಕೂತುಕೊಳ್ಳಿ" ಎಂದು ಗದರಿದಳು. ಆಮೇಲೆ ತಡೆಗೋಲನ್ನು ಇಳಿಸಿ, ರಿಮೋಟನ್ನು ತನ್ನ ಜೇಬಿಗೆ ಹಾಕಿಕೊಂಡು, ಗೇಟಿನ ಪಕ್ಕ ಕೈಕಟ್ಟಿ ನಿಂತಳು.

ಈ ಕಟ್ಟಡದ ಕಾವಲಿಗೊಂದು ನಿಯಮವಿತ್ತು: ತಡೆಗೋಲು ಎತ್ತುವುದು ಪೋಸ್ಟಿನಲ್ಲಿರುವ ಗಾರ್ಡು ಮಾತ್ರ. ಪೋಸ್ಟಿನಲ್ಲಿ ಗಾರ್ಡಿಲ್ಲದಿದ್ದರೆ ಕೋಲು ಕೆಳಗೇ ಇರಬೇಕು. ಅಂಗಡಿಯ ಹುಡುಗರು ಬೇಕಾದ ಹಾಗೆ ಗೇಟು ತೆರೆಯುತ್ತಾರೆಂದು ಹಟಹಿಡಿದು ಆ ಸಾಲು ಬರೆಸಿ ಸಹಿ ಹಾಕಿದವನು ಕಮಲೇಶ್. ಈಗ ಪೋಸ್ಟಿನಲ್ಲಿ ಗಾರ್ಡಿಲ್ಲ. ಅವನೇ ತೆಗೆಸಿದ್ದಾನೆ.

ಶನಿವಾರ ಸಂಜೆ ಬೇರೆ. ಮೊದಲ ಕಾರು ಬಂತು, ಹಾರ್ನ್ ಹೊಡೆಯಿತು.

"ಎಂತ ಮೇಡಂ, ಪಾರ್ಕಿಂಗ್ ಫುಲ್ಲಾ?"

"ಪಾರ್ಕಿಂಗ್ ಖಾಲಿ ಉಂಟು. ಗೇಟಿಗೆ ಜನ ಇಲ್ಲ. ಕಕ್ಕಸಿಗೆ ಹೋದದ್ದಕ್ಕೆ ತೆಗೆದುಹಾಕಿದ್ದಾರೆ."

ಎರಡು ಕಾರು ಹತ್ತಾಯಿತು. ಸಾಲು ಹೆದ್ದಾರಿಗೆ ತಾಗಿತು. ಸಿಟಿ ಬಸ್ಸಿನ ಕಂಡಕ್ಟರೊಬ್ಬ ಮೆಟ್ಟಿಲಲ್ಲಿ ನೇತಾಡುತ್ತ ಪೀಪಿ ಊದಿ ಊದಿ ಕೆಂಪಾದ. ಅಂಗಡಿಯವರು ಹೊರಗೆ ಬಂದು ಬೊಬ್ಬೆ ಹಾಕಿದರು. ಕಮಲೇಶ್ ಇಳಿದು ಬಂದ, ಅಂಗಿ ಬೆನ್ನಿಗೆ ಅಂಟಿತ್ತು.

"ತೆಗೀ ಅದನ್ನು!"

"ನಾನು ಗಾರ್ಡಲ್ಲ. ನಿಯಮ ಓದಿ ನೋಡಿ."

ಅವನು ಹೊರಹೋಗುವ ಗೇಟಿನಲ್ಲಿದ್ದ ನೋಣಯ್ಯನನ್ನು ಕೂಗಿ ಕರೆದ. ಹಣ್ಣುಗೂದಲಿನ ನೋಣಯ್ಯ ನಿಂತಲ್ಲಿಂದಲೇ ಸೆಲ್ಯೂಟ್ ಹೊಡೆದರು. "ಪೋಸ್ಟ್ ಬಿಟ್ಟು ಬರುವ ಹಾಗಿಲ್ಲ ಸರ್. ಕ್ಯಾಮೆರಾ ಉಂಟು. ಆಮೇಲೆ ಗ್ರೂಪಿಗೆ ಹಾಕ್ತಾರೆ."

ಸಾಲಿನಲ್ಲಿದ್ದ ಯಾರೋ ಗಟ್ಟಿಯಾಗಿ ನಕ್ಕರು. ಬಟ್ಟೆ ಅಂಗಡಿಯ ಜಾಬಿರ್ ಕಮಲೇಶನ ಮೇಲೆಯೇ ಏರಿಹೋದ. "ಒಂದು ಕೀ ಕೊಡಿ ಮಾರಾಯ್ರೆ! ನನ್ನ ಶನಿವಾರದ ವ್ಯಾಪಾರ ನಿಮ್ಮ ಕಕ್ಕಸಿನಲ್ಲಿ ಹೋಯ್ತು!"

ಗೇವಿನ್ ಫೋನಿನಲ್ಲಿ ಕಿರುಚುತ್ತಿದ್ದರು. "ನಾಳೆಯಿಂದ ನೀನು ಬರುವುದು ಬೇಡ, ಕೇಳ್ತಾ?"

"ಕೇಳ್ತು ಸರ್" ಎಂದು ಫೋನು ಇಟ್ಟಳು. ಮುಂದಿನ ತಿಂಗಳ ಮನೆಬಾಡಿಗೆ ನೆನಪಾಯಿತು. ಇರಲಿ. ರಿಮೋಟು ಜೇಬಿನಲ್ಲೇ ಇತ್ತು.

ಕಮಲೇಶ್ ಒಂದು ಬೀಗದ ಕೈ ತಂದು ಅವಳ ಮುಂದೆ ಹಿಡಿದ. "ತಗೋ. ನೆಲಮಾಳಿಗೆಯದ್ದು."

"ನನಗಲ್ಲ, ಅವರ ಕೈಗೆ ಕೊಡಿ. ಗೇಟಿಗೂ ಅವರೇ. ವಿಡಿಯೋ?"

"ತೆಗೆಸ್ತೇನೆ."

"ಈಗ."

ಅವನು ಫೋನಿನಲ್ಲಿ ಏನೋ ಒತ್ತಿ ತೋರಿಸಿದ. ಗುಂಪಿಗೆ ಅದು ಹೋದದ್ದು ಇದೇ ಫೋನಿನಿಂದ; ಹಾಕಿದವನೇ ಅವನು! ಅಳಿಸಿದ್ದೂ ಅವನೇ. ಯಾರ ಯಾರ ಫೋನಿನಲ್ಲಿ ಉಳಿಯಿತೋ, ಅದನ್ನು ಅಳಿಸುವ ಗುಂಡಿ ಯಾರಲ್ಲೂ ಇರಲಿಲ್ಲ. ತಪ್ಪಾಯಿತೆಂಬ ಮಾತು ಅವನ ಬಾಯಲ್ಲಿ ಬರಲಿಲ್ಲ. ಬೀಗದ ಕೈಯನ್ನು ಮುದ್ದಕ್ಕನ ಕೈಗೆ ಕೊಡುವಾಗಲೂ ಮುಖ ಆಚೆ ತಿರುಗಿಸಿದ್ದ.

ವಿಜೇತಾ ಟೊಪ್ಪಿ, ಬೆಲ್ಟು ವಾಪಸು ಕೊಟ್ಟಳು. ಮುದ್ದಕ್ಕ ಬೆಲ್ಟು ಬಿಗಿದುಕೊಂಡರು, ಟೊಪ್ಪಿ ಇಟ್ಟುಕೊಂಡರು. ತಡೆಗೋಲಿನತ್ತ ಹೋಗಲಿಲ್ಲ; ನೇರ ನೆಲಮಾಳಿಗೆಯ ಮೆಟ್ಟಿಲಿನತ್ತ ನಡೆದರು.

"ಏಯ್, ಮೊದಲು ಗೇಟು!" ಎಂದ ಕಮಲೇಶ್.

"ನಿಲ್ಲಿ" ಎಂದಳು ವಿಜೇತಾ. "ಬೆಳಿಗ್ಗೆಯಿಂದ ಹಿಡ್ಕೊಂಡಿದ್ದಾರೆ ಅವರು. ನೀವು ಸ್ವಲ್ಪ ಹಿಡ್ಕೊಳ್ಳಿ."

ಹಾರ್ನು, ಪೀಪಿ, ಬೈಗುಳ ನಡೆದೇ ಇದ್ದವು. ಮುದ್ದಕ್ಕ ಅವಸರ ಮಾಡಲಿಲ್ಲ. ಮುಖ ತೊಳೆದುಕೊಂಡು ಬಂದರು. ಸೆರಗಿಲ್ಲದ ಖಾಕಿಯಲ್ಲಿ ತೋಳಿಗೇ ಮುಖ ಒರೆಸುತ್ತ ರಿಮೋಟಿಗೆ ಕೈಚಾಚಿದರು. ತಡೆಗೋಲು ಮೇಲೆದ್ದಿತು. ಕಾರುಗಳು ನುಗ್ಗಿದವು.

"ನಿನ್ನ ಕೆಲಸ ಹೋಯ್ತಲ್ಲಾ ಮಗಾ" ಎಂದರು. ಮೇಡಂ ಎನ್ನುವುದು ಬಿಟ್ಟುಹೋಗಿತ್ತು.

"ಹೋಯ್ತು. ಕೀ ಎಲ್ಲಿ?"

"ಇಲ್ಲಿ ಉಂಟು." ಮುದ್ದಕ್ಕ ಬೆಲ್ಟಿನ ಒಳಬದಿ ತಟ್ಟಿ ತೋರಿಸಿದರು.

"ನೋಣಯ್ಯಣ್ಣನಿಗೆ ಕೊಡಿ, ರಾತ್ರಿ ಶಿಫ್ಟಿನವರಿಗೆ ಕೊಡಿ. ಮತ್ತೆ ಯಾರು ಬಂದು ವಾಪಸು ಕೇಳಿದ್ರೂ ಕೊಡ್ಬೇಡಿ."