ಎಚ್ಚರಿಕೆಯ ಬಾಯಿ ಮುಚ್ಚಿಸಿದವರು

ಎಪ್ಪತ್ತರ ದಶಕದ ಕೊನೆಯ ಮಾತು. ಭೀಮಾ ಹೊಳೆಯ ನೀರಿನ ಮಟ್ಟ ಅಳೆಯಲು ದೇವಣಗಾಂವದ ದಂಡೆಯ ಮೇಲೆ ಒಂದು ಯಂತ್ರ ಕೂಡಿಸಿದ್ದರು. ತಗಡಿನ ಟೊಳ್ಳು ಬುರುಡೆಯೊಂದು ನೀರಿನ ಮೇಲೆ ತೇಲುತ್ತ ಏರಿಳಿದಂತೆ ಯಂತ್ರ ಅದನ್ನು ಎಣಿಸಿ, ಆ ಸಂಖ್ಯೆಯನ್ನು ಟೆಲಿಫೋನ್ ತಂತಿಯಲ್ಲಿ ಸಿಂದಗಿಯ ನಮ್ಮ ಕಚೇರಿಗೆ ಕಳಿಸುತ್ತಿತ್ತು. ಅಲ್ಲಿ ಕಪಾಟಿನಷ್ಟು ದೊಡ್ಡ ಕಂಪ್ಯೂಟರು ಅದನ್ನು ಕಾಗದದ ಮೇಲೆ ಅಚ್ಚು ಹಾಕುತ್ತಿತ್ತು. ತಂತಿಯಲ್ಲಿ ಬಂದದ್ದನ್ನು ಕಂಪ್ಯೂಟರಿಗೆ ಮುಟ್ಟಿಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಗಳು ಡ್ರೈವರ್ ಕೆಲಸದಲ್ಲಿದ್ದಾಳೆ ಎಂದು ಇಂಡಿ ಊರಿನ ನಮ್ಮ ಓಣಿಯಲ್ಲಿ ಹೇಳಲು ನಮ್ಮವ್ವನಿಗೆ ನಾಚಿಕೆ.

ಯಂತ್ರ ಬರುವುದಕ್ಕೆ ಎಷ್ಟೋ ವರ್ಷ ಮೊದಲಿಂದ ಆ ದಂಡೆಯ ಮೇಲೆ ಒಬ್ಬ ಹಿರಿಯರು ಇದ್ದರು. ನಾನವರನ್ನು ಚಾಚಾ ಎನ್ನುತ್ತಿದ್ದೆ. ದಿನಕ್ಕೆ ಮೂರು ಸಲ ಹೊಳೆಗಿಳಿದು, ಅಳತೆಗಲ್ಲಿನ ಮೇಲೆ ನೀರು ಎಲ್ಲಿಗೆ ಬಂದಿದೆ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು.

ಆ ಮಳೆಗಾಲ ಹೊಳೆ ಉಕ್ಕಿತು. ಚಾಚಾನ ರಿಜಿಸ್ಟರಿನಲ್ಲಿ ನೀರು ಏರುತ್ತಲೇ ಹೋಯಿತು. ನಮ್ಮ ಕಾಗದದ ಮೇಲೆ ಮಾತ್ರ ಸಾಲಾಗಿ ಸೊನ್ನೆ. ನಮ್ಮ ಸಾಹೇಬರು ಚಾಚಾನಿಗೆ ಮೆಮೊ ಕೊಟ್ಟರು: ಮನೆಯಲ್ಲಿ ಕುಳಿತು ಸುಳ್ಳು ಅಳತೆ ಬರೆದದ್ದೇಕೆ, ಕಾರಣ ತಿಳಿಸಿ.

"ಸಾಹೇಬ್ರ, ಹೊಳಿ ತುಂಬಿ ಹರಿಯೂದು ಊರಿಗೆಲ್ಲ ಕಂಡೈತ್ರಿ," ಎಂದೆ.

"ಎಷ್ಟು ತುಂಬಿತ್ತು ಅಂತ ಊರು ಹೇಳತೈತೇನ್ರಿ? ಮಶೀನು ಸುಳ್ಳು ಹೇಳಂಗಿಲ್ಲ ಬಾಯಾರ," ಎಂದರು.

ನಾನು ಪ್ರೋಗ್ರಾಮಿನ ಹಳೆಯ ಅಚ್ಚುಪ್ರತಿಗಳನ್ನೆಲ್ಲ ಹೊರತೆಗೆದೆ. ನಾನು ಕೆಲಸಕ್ಕೆ ಸೇರುವ ಮೊದಲಿನ, ಒಂದು ವರ್ಷದ ಹಿಂದಿನ ಪ್ರತಿಯಲ್ಲಿ, ಬರೆದದ್ದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರು ಸ್ಪಷ್ಟವಾಗಿ ಎಚ್ಚರಿಕೆ ಕೊಟ್ಟಿತ್ತು: ತಂತಿಯಲ್ಲಿ ಬರುವ ಸಂಖ್ಯೆಗೆ ಧನ-ಋಣದ ಚಿಹ್ನೆಯಿಲ್ಲ, ನೀವು ಅದನ್ನು ಚಿಹ್ನೆಯಿರುವ ಸಂಖ್ಯೆಯ ಜಾಗದಲ್ಲಿ ಇಡುತ್ತಿದ್ದೀರಿ. ಹಾಗೆ ಇಟ್ಟರೆ ಆ ಜಾಗ ಹಿಡಿಯುವ ಸಂಖ್ಯೆಯ ಅರ್ಧದವರೆಗೆ ಏನೂ ಗೊತ್ತಾಗುವುದಿಲ್ಲ. ಅರ್ಧ ದಾಟಿತೋ, ದೊಡ್ಡ ಸಂಖ್ಯೆ ಋಣ ಸಂಖ್ಯೆಯಾಗಿ ಕಾಣುತ್ತದೆ. ಋಣ ಬಂದರೆ ಸೊನ್ನೆ ಅಚ್ಚು ಹಾಕು ಎಂದು ಪ್ರೋಗ್ರಾಮಿನ ಕೆಳಗಿನ ಸಾಲಿನಲ್ಲಿ ಯಾರೋ ಬರೆದಿದ್ದರು. ಹೊಳೆ ಬತ್ತಿದಾಗ ಸರಿ ಹೇಳಿ, ತುಂಬಿದಾಗ ಸೊನ್ನೆ ಎನ್ನುವ ಯಂತ್ರ!

ಮುಂದಿನ ಪ್ರತಿಯಲ್ಲಿ ಆ ಎಚ್ಚರಿಕೆ ಇರಲಿಲ್ಲ. ತಪ್ಪು ಅಲ್ಲೇ ಇತ್ತು. ನಾನು ಹೇಳಿದಂತೆ ತಿಳಿದುಕೋ, ಸುಮ್ಮನಿರು ಎಂದು ಕಂಪೈಲರನ್ನು ಗದರಿಸುವ ಒಂದೇ ಒಂದು ಪದ ಸೇರಿಸಿದ್ದರು. ಪಕ್ಕದಲ್ಲಿ ಸಾಹೇಬರ ಸಣ್ಣ ಸಹಿ. ನನ್ನ ಮೈ ಉರಿದುಹೋಯಿತು.

ಅಚ್ಚುಪ್ರತಿಯನ್ನು ಅವರ ಮೇಜಿನ ಮೇಲೆ ಹರವಿದೆ. "ಮಶೀನು ಹೇಳೇತ್ರಿ. ನೀವು ಅದರ ಬಾಯಿ ಮುಚ್ಚಿಸೀರಿ."

"ಒಂದು ಎಚ್ಚರಿಕಿಗೆ ಇಷ್ಟು ರಾದ್ಧಾಂತ ಯಾಕ್ರಿ? ಆ ಸೊನ್ನಿ ಸಾಲು ತಗದುಹಾಕ್ರಿ, ಮುಗೀತು."

ಮುಗಿಯುತ್ತಿರಲಿಲ್ಲ. ಸೊನ್ನೆ ಹೋಗಿ ಋಣ ಸಂಖ್ಯೆ ಬರುತ್ತಿತ್ತು, ಅಷ್ಟೇ. ನಾಲ್ಕು ದಿನ ಕೂತು, ಆ ಸಂಖ್ಯೆ ತಂತಿಯಿಂದ ಇಳಿದು ಕಾಗದ ಮುಟ್ಟುವತನಕ ಎಲ್ಲೆಲ್ಲಿ ಹಾಯುತ್ತದೋ ಅಲ್ಲೆಲ್ಲ ಚಿಹ್ನೆಯಿಲ್ಲದ್ದೆಂದೇ ಬರೆದೆ. ಗದರಿಸುವ ಪದವನ್ನು ಕಿತ್ತೆಸೆದೆ. ಕಂಪೈಲರು ತಾನಾಗಿ ಸುಮ್ಮನಾಯಿತು.

ಪರೀಕ್ಷೆಗೆ ನಾನೇ ದೇವಣಗಾಂವಕ್ಕೆ ಹೋದೆ. ಸಿಂದಗಿಯಲ್ಲಿ ಫೋನ್ ಹಿಡಿದು ಸಾಹೇಬರೇ ಕೂರಬೇಕೆಂದು ಹಟ ಹಿಡಿದಿದ್ದೆ. ಚಾಚಾ ಹಗ್ಗ ಕಟ್ಟಿ ತೇಲುಬುರುಡೆಯನ್ನು ರಿಜಿಸ್ಟರಿನಲ್ಲಿ ಬರೆದಿದ್ದ ಪ್ರವಾಹದ ಮಟ್ಟಕ್ಕೆ ಎತ್ತಿ ಹಿಡಿದರು. ಮೊದಲು ಹಳೆಯ ಪ್ರೋಗ್ರಾಮು.

"ಏನ್ ಬಂತ್ರಿ?" ಫೋನಿನಲ್ಲಿ ಕೇಳಿದೆ.

"ಸೊನ್ನಿ," ಎಂದರು.

ಹೊಸದನ್ನು ಹಾಕಿಸಿದೆ. ಚಾಚಾ ಹಗ್ಗ ಬಿಡಲಿಲ್ಲ. ಈ ಸಲ ಸಾಹೇಬರು ಓದಿದ ಸಂಖ್ಯೆ ರಿಜಿಸ್ಟರಿನಲ್ಲಿದ್ದದ್ದೇ.

"ಆತು, ಮೆಮೊ ಮರತುಬಿಡು ಅಂತ ಹೇಳ್ರಿ ಅವರಿಗೆ," ಎಂದರು ಸಾಹೇಬರು. ನಾನದನ್ನು ಚಾಚಾನಿಗೆ ಹೇಳಿದೆ.

ಚಾಚಾ ಹಗ್ಗ ಇಳಿಸಿ ನನ್ನ ಕಡೆ ನೋಡಿದರು. "ಸುಳ್ಳ ಅಂತ ಕಾಗದದ ಮ್ಯಾಲ ಬರದಾರ ತಂಗಿ. ಬಾಯಿಲೆ ಹೆಂಗ ಅಳಸ್ತಾರ?"

ಮೆಮೊ ಹಿಂತೆಗೆದುಕೊಂಡೆವೆಂದು ಬರೆದುಕೊಡುವವರೆಗೆ ಹೊಸ ಪ್ರೋಗ್ರಾಮಿನ ಒಪ್ಪಿಗೆಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದೆ. ಮೇಲಿನವರಿಗೆ ನನ್ನ ಬಗ್ಗೆ ದೂರು ಹೋಯಿತು, ನನಗೂ ಒಂದು ಮೆಮೊ ಬಂತು. ಹತ್ತು ದಿನ ಕಳೆದ ಮೇಲೆ ಚಾಚಾನಿಗೆ ಎರಡು ಸಾಲಿನ ಪತ್ರ ಸಿಕ್ಕಿತು: ತಾಂತ್ರಿಕ ಕಾರಣಗಳಿಂದ ಆದ ವ್ಯತ್ಯಾಸ. ಕ್ಷಮೆಯ ಮಾತಿಲ್ಲ. ಬಾಯಿ ಮುಚ್ಚಿಸಿದವರ ಹೆಸರಿಲ್ಲ. ಇಂದಿಗೂ ತಾಂತ್ರಿಕ ಕಾರಣ ಎಂಬ ಆ ಎರಡು ಶಬ್ದ ಕೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಅಂಕಿ ಬಿಟ್ಟು ಅಕ್ಷರ ಅರಿಯದ ಚಾಚಾ ಪತ್ರವನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. "ತಾಂತ್ರಿಕ ಅಂದ್ರ ಯಾರು ತಂಗಿ?" ಎಂದು ಕೇಳಿದರು. ನಾನು ಹೆಸರು ಹೇಳಿದೆ.